ಕಡಲಾಮೆಯ ಬೀಡಿಗೆ ಸೈಕಲ್ ಯಾತ್ರೆ

ಯಾತ್ರೆ ಮಾಡುವುದಕ್ಕಿಂತ ಯಾತ್ರೆಗೆ ಸಿದ್ಧರಾಗುವುದು ಕಷ್ಟವೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಬಂಡಿ ಹೂಡುವ ಎಂಟು ದಿನ ಮೊದಲೇ ಮನೆಯ ಹೆಣ್ಣುಮಕ್ಕಳು ರೊಟ್ಟಿ ಬಡಿದು ಒಣಗಿಸುತ್ತಿದ್ದರು. ಎತ್ತುಗಳಿಗೆ ನಾಲ ಬಡಿಸುವುದು, ಗಾಲಿಗೆ ಎಣ್ಣೆ ಹಾಕುವುದು, ಮನೆಯಲ್ಲಿ ಉಳಿಯುವ ಮುಪ್ಪಿನವರಿಗೂ ಹಟ್ಟಿಯ ದನಗಳಿಗೂ ವ್ಯವಸ್ಥೆ ಮಾಡುವುದು ಗಂಡಸರ ಪಾಲಿಗೆ ಬರುತ್ತಿತ್ತು. ಯಾರ ಬಂಡಿ ಮುಂದೆ, ಯಾರದು ಹಿಂದೆ, ರಾತ್ರಿ ಎಲ್ಲಿ ಬಿಡಾರ, ನೀರು ಎಲ್ಲಿ ಎಂಬುದೆಲ್ಲ ಮೊದಲೇ ತೀರ್ಮಾನವಾಗುತ್ತಿತ್ತು. ಇಷ್ಟಾದ ಮೇಲೆ ಗುಡ್ಡಕ್ಕೆ ಹೋಗಿ ಬರುವುದು ಸುಲಭದ ಮಾತು. ಕೂಡಿ ನಡೆಯುವುದನ್ನು ಮನೆಯ ಅಂಗಳದಲ್ಲಿ ಕಲಿಯದವರು ದಾರಿಯಲ್ಲಿ ಕಲಿಯಲಾರರು.

ಈ ಮಾತು ಈಗ ನೆನಪಾಗಲು ಕಾರಣವಿದೆ. ಬರುವ ಮಾಘ ಮಾಸದಲ್ಲಿ ನಮ್ಮ ಕೊಣ್ಣೂರಿನ ಹನ್ನೆರಡು ಮಂದಿ ಕಿಶೋರ ಕಿಶೋರಿಯರು ಸೈಕಲ್ ಏರಿ ಹೊನ್ನಾವರದ ಕಡಲ ತೀರಕ್ಕೆ ಹೋಗಲಿದ್ದಾರೆ. ಚಳಿಗಾಲದಲ್ಲಿ ಮೊಟ್ಟೆಯಿಡಲು ಮರಳದಂಡೆಗೆ ಬರುವ ಆಲಿವ್ ರಿಡ್ಲೆ ಎಂಬ ಕಡಲಾಮೆಯನ್ನು ಕಾಣಬೇಕೆಂಬುದು ಅವರ ಹಂಬಲ. ಹೋಗುವ ದಾರಿ ಆರು ದಿನದ್ದು, ಅಲ್ಲಿ ತಂಗುವುದು ಎರಡು ರಾತ್ರಿ. ಸಿದ್ಧತೆಗೆ ಹಿಡಿದದ್ದು ನಾಲ್ಕು ತಿಂಗಳು. ಅರವತ್ತು ದಾಟಿದ ನಮ್ಮನ್ನು ಹುಡುಗರು ಇದಕ್ಕೆ ಹಿರಿಯರನ್ನಾಗಿ ಮಾಡಿಕೊಂಡರು. ಮಠದ ಪ್ರಸಾದ ನಿಲಯದಲ್ಲಿ ಬೆಳೆದು, ವ್ಯಾಕರಣ ಶಾಸ್ತ್ರಗಳನ್ನು ಓದಿ, ಆಯುಷ್ಯವನ್ನೆಲ್ಲ ಪುಸ್ತಕಗಳ ನಡುವೆ ಕಳೆದವರಿಗೆ ಈ ಉಸಾಬರಿ ಏಕೆಂದು ನಕ್ಕವರೂ ಉಂಟು. ಆದರೆ ನೂರು ಜನ ಒಂದೇ ಪಂಕ್ತಿಯಲ್ಲಿ ಉಣ್ಣುವ, ಕೊನೆಯವನ ಎಲೆಗೆ ಬಡಿಸುವವರೆಗೆ ಮೊದಲನೆಯವನು ಕೈಯಿಕ್ಕದೆ ಕಾಯುವ ಪಾಠವನ್ನು ನಾವು ಕಲಿತದ್ದು ಅಲ್ಲಿಯೇ. ಆ ಪಾಠವು ಸೈಕಲ್ ಯಾತ್ರೆಗೂ ಬೇಕಾಗುತ್ತದೆಂದು ಈ ನಾಲ್ಕು ತಿಂಗಳಲ್ಲಿ ನಮಗೆ ಮನವರಿಕೆಯಾಯಿತು.

ಕೊಣ್ಣೂರು ಕಡಲನ್ನು ಕಾಣದ ಊರು. ನಮ್ಮ ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ, ಪಶ್ಚಿಮ ಸಮುದ್ರ ಕೊಟ್ಟ ಮಳೆಯನ್ನು ಉಂಡು, ಆ ಸಮುದ್ರಕ್ಕೇ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತಾಳೆ. ಗೋಕಾಕ ಜಲಪಾತದಲ್ಲಿ 52 ಮೀಟರ್ ಧುಮುಕಿ, ಚಿಕ್ಕಸಂಗಮದ ಬಳಿ ಕೃಷ್ಣೆಯನ್ನು ಕೂಡಿ, ಬಂಗಾಲ ಕೊಲ್ಲಿಯ ದಾರಿ ಹಿಡಿಯುತ್ತಾಳೆ. ಹೀಗಾಗಿ ನಮ್ಮ ಮಕ್ಕಳಿಗೆ ಕಡಲೆಂದರೆ ಪುಸ್ತಕದ ಚಿತ್ರ. ಆದರೆ ಋತುವಿಗೆ ತಕ್ಕಂತೆ ದೂರದಿಂದ ಬರುವ ಜೀವಿಗಳ ಪರಿಚಯ ಅವರಿಗೆ ಇಲ್ಲದಿಲ್ಲ. 1897ರಲ್ಲಿ ಕಟ್ಟಿದ ಧೂಪದಾಳದ ಒಡ್ಡಿನ ಹಿನ್ನೀರು ಇರುವುದು ನಮ್ಮ ಮಗ್ಗುಲಲ್ಲೇ. 1974ರಲ್ಲಿ ಅದರ ಸುತ್ತಲಿನ ಸುಮಾರು 30 ಚದರ ಕಿಲೋಮೀಟರ್ ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಸಾರಲಾಯಿತು. ಚಳಿ ಬಿದ್ದಾಗ ಮಧ್ಯ ಏಷ್ಯದ ಕಡೆಯಿಂದ ಡೆಮೊಸೆಲ್ ಕ್ರೌಂಚಗಳೂ ಬಿಳಿ ಕೊಕ್ಕರೆಗಳೂ ಅಲ್ಲಿಗೆ ಬಂದಿಳಿಯುತ್ತವೆ. ಹೊಲಕ್ಕೆ ಹೋಗುವ ರೈತ ತಲೆಯೆತ್ತಿ ನೋಡಿ, ‘ಬಂದುವು’ ಎಂದು ಒಂದೇ ಮಾತು ಹೇಳಿ ಮುಂದೆ ಸಾಗುತ್ತಾನೆ. ನಮ್ಮೂರಿಗೆ ಚಳಿಗಾಲ ಬಂತೆಂಬುದಕ್ಕೆ ಅದೇ ಸಾಕ್ಷಿ.

ಕಳೆದ ಚಳಿಗಾಲದಲ್ಲಿ ಆ ಹಕ್ಕಿಗಳನ್ನು ತೋರಿಸಲು ಮಕ್ಕಳನ್ನು ಕರೆದೊಯ್ದಿದ್ದೆವು. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಬಹಳ ಹೊತ್ತು ಸುಮ್ಮನೆ ನೋಡಿ, “ಗುರುಗಳ, ನಮ್ಮ ನೀರಿಗೆ ಇವು ಬರತಾವು; ಸಮುದ್ರಕ್ಕ ಯಾರು ಬರತಾರ?” ಎಂದು ಕೇಳಿದಳು. ಕಾರವಾರದ ಕಡೆಯ ಹಳೆಯ ಸ್ನೇಹಿತರಿಂದ ಕೇಳಿದ್ದ ಕಡಲಾಮೆಯ ಸಂಗತಿಯನ್ನು ನಾವು ಅವಳಿಗೆ ಹೇಳಿದೆವು. ಅಂದು ಸಂಜೆ ಮನೆ ಮುಟ್ಟುವುದರೊಳಗೆ ಸೈಕಲ್ ಮೇಲೆ ಕಡಲಿಗೆ ಹೋಗುವ ಮಾತು ಹುಡುಗರ ಬಾಯಲ್ಲಿ ಹುಟ್ಟಿಬಿಟ್ಟಿತ್ತು. ಬಸ್ಸಿನಲ್ಲಿ ಹೋದರೆ ಒಂದು ಹಗಲಿನ ದಾರಿ. ಸೈಕಲ್ ಏಕೆಂದು ನಾವೂ ಕೇಳಿದೆವು. “ಆಮಿ ಅಷ್ಟ ದೂರದಿಂದ ಈಸಿಕೋಂತ ಬರತೈತಿ, ನಾವು ಕುಂತು ಹೋದ್ರ ಹೆಂಗ್ರಿ?” ಎಂದು ಒಬ್ಬನೆಂದ. ಆ ಮಾತಿಗೆ ಎದುರಾಡುವುದು ನಮಗೆ ಕಷ್ಟವಾಯಿತು.

ವಾಚಕರಲ್ಲಿ ಅನೇಕರು ಈ ಜೀವಿಯನ್ನು ಕಂಡಿರಲಾರರು. ಕೆರೆಯ ಆಮೆಗಿಂತ ಇದು ಬಹಳ ದೊಡ್ಡದು. ಚಿಪ್ಪಿನ ಉದ್ದ ಸುಮಾರು ಎರಡು ಅಡಿ, ತೂಕ ನಲವತ್ತು ಕಿಲೋಗ್ರಾಮಿನವರೆಗೆ. ಇಡೀ ಬಾಳನ್ನು ಕಡಲಲ್ಲಿ ಕಳೆಯುವ ಇದರಲ್ಲಿ ಹೆಣ್ಣು ಮಾತ್ರ ಮೊಟ್ಟೆಯಿಡಲು ನೆಲಕ್ಕೆ ಬರುತ್ತದೆ. ಒಡಿಶಾದ ಗಹಿರಮಾಥಾ, ಋಷಿಕುಲ್ಯಾ ತೀರಗಳಲ್ಲಿ ಲಕ್ಷಗಟ್ಟಲೆ ಆಮೆಗಳು ಒಮ್ಮೆಲೇ ಬರುವುದುಂಟು. ನಮ್ಮ ಕರ್ನಾಟಕದ ತೀರದಲ್ಲಿ ಒಂದೊಂದಾಗಿ, ರಾತ್ರಿಯ ಹೊತ್ತು, ಸದ್ದಿಲ್ಲದೆ ಬರುತ್ತವೆ. ಹಿಂಗಾಲುಗಳಿಂದ ಒಂದೂವರೆ ಅಡಿ ಆಳದ ಕುಳಿ ತೋಡಿ, ನೂರರ ಮೇಲೆ ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಬೆಳಕು ಹರಿಯುವ ಮುನ್ನ ಮರಳಿ ಹೋಗುತ್ತದೆ. ಮರಿಗಳ ಮುಖವನ್ನು ತಾಯಿ ಕಾಣುವುದಿಲ್ಲ, ತಾಯಿಯ ಮುಖವನ್ನು ಮರಿಗಳು ಕಾಣುವುದಿಲ್ಲ. ಮರಳಿನ ಕಾವೇ ಅವುಗಳ ಬಾಣಂತಿ ಕೋಣೆ. ಮರಳು ಹೆಚ್ಚು ಬಿಸಿಯಾಗಿದ್ದರೆ ಹೆಣ್ಣು ಮರಿಗಳು, ತಂಪಾಗಿದ್ದರೆ ಗಂಡು ಮರಿಗಳು ಹೆಚ್ಚು.

ನಲವತ್ತೈದರಿಂದ ಅರವತ್ತು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಅಂಗೈಯಲ್ಲಿ ಹಿಡಿಯಬಹುದಾದ ಆ ಕೂಸುಗಳಿಗೆ ದಾರಿ ತೋರಿಸುವವರಿಲ್ಲ. ಇರುಳಿನಲ್ಲಿ ನೀರಿನ ಮೇಲಿನ ಆಕಾಶ ನೆಲದ ಕಡೆಗಿಂತ ತುಸು ಬೆಳ್ಳಗಿರುತ್ತದೆ. ಆ ಬೆಳಕಿನತ್ತ ತೆವಳುವುದು ಅವುಗಳ ಹುಟ್ಟುಗುಣ. ಏಡಿ, ಕಾಗೆ, ನರಿ, ಬೀದಿನಾಯಿಗಳ ಬಾಯಿ ತಪ್ಪಿಸಿ ನೀರು ಸೇರಿದವುಗಳಲ್ಲಿಯೂ ದೊಡ್ಡವಾಗುವವು ಸಾವಿರಕ್ಕೊಂದು ಎಂದು ಬಲ್ಲವರು ಲೆಕ್ಕ ಹೇಳುತ್ತಾರೆ. ಹಾಗೆ ಉಳಿದ ಹೆಣ್ಣು, ಹಲವು ವರ್ಷಗಳ ಬಳಿಕ, ತಾನು ಹುಟ್ಟಿದ ತೀರದ ಆಸುಪಾಸಿಗೇ ಮೊಟ್ಟೆಯಿಡಲು ಮರಳುತ್ತದೆ. ತವರಿನ ದಾರಿಯನ್ನು ಅದು ಮರೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಜೀವಿಯನ್ನು ಮೊದಲನೆಯ ಅನುಸೂಚಿಯಲ್ಲಿರಿಸಿ, ಹುಲಿಗೆ ಕೊಟ್ಟ ರಕ್ಷಣೆಯನ್ನೇ ಇದಕ್ಕೂ ಕೊಟ್ಟಿದೆ.

ನಮ್ಮ ಮೊದಲ ಕೆಲಸ ಪಂಚಾಂಗ ನೋಡುವುದಾಯಿತು. ಆಮೆಗಳು ಮೊಟ್ಟೆಯಿಡುವುದು ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚಿಯವರೆಗೆ. ಮೊದಲು ಇಟ್ಟ ಮೊಟ್ಟೆಗಳು ಫೆಬ್ರುವರಿಯ ಹೊತ್ತಿಗೆ ಮರಿಯಾಗುತ್ತವೆ. ಹೊಸ ತಾಯಂದಿರೂ ಆಗ ಇನ್ನೂ ಬರುತ್ತಿರುತ್ತಾರೆ. ಆದುದರಿಂದ ಮಾಘ ಮಾಸವನ್ನು ಹಿಡಿದೆವು. ತೀರದಲ್ಲಿ ದೀಪ ಹಚ್ಚುವಂತಿಲ್ಲವಾದ್ದರಿಂದ ಬೆಳದಿಂಗಳಿರಬೇಕು. ಹಾಗೆಂದು ಹುಣ್ಣಿಮೆಯನ್ನೇ ಹಿಡಿಯೋಣವೆಂದರೆ ಅದು ಭಾರತ ಹುಣ್ಣಿಮೆ. ಆಗ ಸವದತ್ತಿ ಎಲ್ಲಮ್ಮನ ಗುಡ್ಡದ ಜಾತ್ರೆಗೆ ಲಕ್ಷಾಂತರ ಭಕ್ತರು ಸೇರುತ್ತಾರೆ. ಬಂಡಿ, ಟ್ರ್ಯಾಕ್ಟರ್, ಲಾರಿಗಳಿಂದ ತುಂಬಿದ ದಾರಿಯಲ್ಲಿ ಮಕ್ಕಳ ಸೈಕಲ್ಲುಗಳಿಗೆ ಎಡೆಯೆಲ್ಲಿ? ಕೊನೆಗೆ ಮಾಘ ಶುದ್ಧ ಪಂಚಮಿಯಂದು ಹೊರಟು, ಷಷ್ಠಿಯಂದು ಸವದತ್ತಿಯನ್ನು ದಾಟಿ, ದಶಮಿಯ ಸಂಜೆ ಹೊನ್ನಾವರ ಮುಟ್ಟುವುದೆಂದು ನಿಶ್ಚಯಿಸಿದೆವು. ದಶಮಿ, ಏಕಾದಶಿಯ ರಾತ್ರಿಗಳಲ್ಲಿ ಚಂದ್ರನು ಮಧ್ಯರಾತ್ರಿ ಕಳೆದ ಮೇಲೂ ಬಹಳ ಹೊತ್ತು ಇರುತ್ತಾನೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿರುವ ಮಕ್ಕಳನ್ನು ಮುಂದಿನ ವರ್ಷಕ್ಕೆ ಬಿಟ್ಟು, ಉಳಿದವರಿಗೆ ಮುಖ್ಯಾಧ್ಯಾಪಕರಿಂದ ಲಿಖಿತ ಅನುಮತಿ ಪಡೆದೆವು.

ದಾರಿ ಒಟ್ಟು ಮುನ್ನೂರು ಕಿಲೋಮೀಟರಿಗೆ ಮೇಲ್ಪಟ್ಟು ಆಗುತ್ತದೆ. ಮೊದಲ ದಿನ ಗೋಕಾಕದ ಮೇಲೆ ಯರಗಟ್ಟಿ. ಎರಡನೆಯ ದಿನ ಸವದತ್ತಿಯ ಮೇಲೆ ಧಾರವಾಡ. ಮೂರನೆಯ ದಿನ ಕಲಘಟಗಿ. ನಾಲ್ಕನೆಯ ದಿನ ಯಲ್ಲಾಪುರ. ಐದನೆಯ ದಿನ ಅರಬೈಲು ಘಟ್ಟವಿಳಿದು ಅಂಕೋಲೆ. ಆರನೆಯ ದಿನ ಕುಮಟೆಯ ಮೇಲೆ ಹೊನ್ನಾವರ. ಕರಿಮಣ್ಣಿನ ಬಯಲು ಮುಗಿದು, ಧಾರವಾಡದಾಚೆ ಭತ್ತದ ಗದ್ದೆಗಳು ಕಾಣತೊಡಗಿ, ಕಲಘಟಗಿಯ ಮುಂದೆ ಕಾಡು ಕೂಡಿ, ಘಟ್ಟದ ಕೆಳಗೆ ತೆಂಗು ಕಾಣುವವರೆಗಿನ ಈ ಬದಲಾವಣೆಯನ್ನು ಬಸ್ಸಿನಲ್ಲಿ ನಿದ್ದೆ ಹೋದವನು ಅರಿಯಲಾರ. ಮಳೆಯ ನೆರಳಿನಲ್ಲಿ ಬದುಕುವ ನಮ್ಮ ಮಕ್ಕಳು ಮಳೆಯ ಮನೆಯನ್ನು ತಮ್ಮ ಕಾಲುಗಳಿಂದಲೇ ಅಳೆದು ತಿಳಿಯಲಿ ಎಂಬುದು ನಮ್ಮ ಆಸೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆಯ ನೆಲದಲ್ಲಿ ಒಂದು ರಾತ್ರಿ ಮಲಗುವುದೂ ಒಂದು ಪಾಠವೇ.

ದಾರಿಯ ಅಪಾಯಗಳನ್ನು ಮುಚ್ಚಿಡದೆ ಒಂದು ಹಾಳೆಯಲ್ಲಿ ಬರೆದು ಎಲ್ಲ ಮನೆಗಳಿಗೆ ಕೊಟ್ಟೆವು. ಯಲ್ಲಾಪುರದಿಂದ ಕಡಲಮಟ್ಟಕ್ಕೆ ಇಳಿಯುವ ಎತ್ತರ ಸುಮಾರು ಐನೂರು ಮೀಟರ್. ಲಾರಿಗಳು ಓಡಾಡುವ ಆ ಘಟ್ಟದಲ್ಲಿ ಬ್ರೇಕನ್ನು ಒಂದೇ ಸಮನೆ ಹಿಡಿದರೆ ಗಾಲಿಯ ಅಂಚು ಕಾದು ರಬ್ಬರು ಸವೆಯುತ್ತದೆ. ಆದುದರಿಂದ ಎರಡು ಕಿಲೋಮೀಟರಿಗೊಮ್ಮೆ ನಿಲ್ಲಬೇಕು, ಒಬ್ಬರಿಂದೊಬ್ಬರಿಗೆ ಐವತ್ತು ಅಡಿ ಅಂತರವಿರಬೇಕು, ಕಡಿದಾದ ತಿರುವುಗಳಲ್ಲಿ ಇಳಿದು ನಡೆಯಬೇಕು. ಸುಗ್ಗಿಯ ಕಾಲದಲ್ಲಿ ಕಲಘಟಗಿ, ಯಲ್ಲಾಪುರದ ಕಡೆಗೆ ಕಾಡಾನೆಗಳು ಬರುವುದುಂಟು. ಹಾಗಾಗಿ ಬಿಸಿಲಿರುವಾಗಲೇ ಬಿಡಾರ ಸೇರಬೇಕು, ಕಾಡಿನೊಳಗೆ ಡೇರೆ ಹಾಕಕೂಡದು. ಚಳಿಗಾಲದಿಂದ ಬೇಸಿಗೆಯವರೆಗೆ ಮಲೆನಾಡಿನಲ್ಲಿ ಉಣ್ಣೆಯ ಕಡಿತದಿಂದ ಮಂಗನ ಕಾಯಿಲೆ ಹರಡುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಆ ರೋಗಕ್ಕೆ ಇಂದಿಗೂ ಹೆದರಬೇಕು. ತರಗೆಲೆಯ ಮೇಲೆ ಕೂರಬಾರದು, ತುಂಬುತೋಳಿನ ಬಟ್ಟೆ ತೊಡಬೇಕು. ಅಂಕೋಲೆ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರು ಪ್ರಾಣ ಕಳೆದುಕೊಂಡ ಜಾಗವನ್ನೂ ಈ ತಂಡ ದಾಟಬೇಕು. ನಮ್ಮದು ಮಳೆಯಿಲ್ಲದ ಕಾಲದ ಪಯಣವಾದರೂ ಅಲ್ಲಿ ಒಂದು ಕ್ಷಣ ತಲೆಬಾಗಿ ಹೋಗುವುದೆಂದು ಹುಡುಗರು ತಾವಾಗಿಯೇ ಬರೆದುಕೊಂಡಿದ್ದಾರೆ.

ಬುತ್ತಿಯ ವಿಷಯದಲ್ಲಿ ನಮ್ಮ ತಾಯಂದಿರಿಗೆ ಹೇಳಿಕೊಡುವವರು ಯಾರು? ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮಾದಲಿ ಇವು ಎಂಟು ದಿನ ಕೆಡುವುದಿಲ್ಲ. ಗೋಕಾಕದ ಕರದಂಟು ಏರು ಹತ್ತುವವನ ಕಿಸೆಯಲ್ಲಿರಬೇಕಾದ ಔಷಧವೇ ಸರಿ. ಬಿಸಿ ಅನ್ನ ಸಾರನ್ನು ಸಂಜೆಯ ಬಿಡಾರದಲ್ಲಿ ಸರದಿಯ ಮೇಲೆ ಹುಡುಗರೇ ಮಾಡಬೇಕು. ಹುಡುಗಿಯರು ಮಾತ್ರ ಒಲೆ ಹಚ್ಚುವುದೆಂಬ ವಾಡಿಕೆ ಈ ಯಾತ್ರೆಗೆ ಸಲ್ಲದು. ಡೇರೆ, ಪಾತ್ರೆ, ಔಷಧಿಗಳನ್ನು ಒಂದು ಸಣ್ಣ ಸರಕು ಗಾಡಿ ಹೊತ್ತು ಬರುತ್ತದೆ. ಕೊಣ್ಣೂರಿನ ಸೈಕಲ್ ಅಂಗಡಿಯ ತರುಣನೊಬ್ಬ ವಾರಕ್ಕೆರಡು ಸಂಜೆ ಮಕ್ಕಳನ್ನು ಕೂಡಿಸಿಕೊಂಡು ಟ್ಯೂಬು ಬಿಚ್ಚುವುದು, ಪಂಕ್ಚರ್ ಹಾಕುವುದು, ಚೈನು ಕೂಡಿಸುವುದು, ಬ್ರೇಕಿನ ರಬ್ಬರು ಬದಲಿಸುವುದು ಎಲ್ಲವನ್ನೂ ಕಲಿಸಿದ. ಕೂಲಿ ಕೊಡಹೋದರೆ ಕೈ ಮುಗಿದ. “ನಾ ಬರಾಕ ಆಗೂದಿಲ್ಲ, ನನ್ನ ಕೆಲಸನರ ಹೋಗಿ ಸಮುದ್ರ ನೋಡಲಿ” ಎಂದ. ಕಾಯಕದ ಅರ್ಥವನ್ನು ಇದಕ್ಕಿಂತ ಸರಳವಾಗಿ ನಾವು ಯಾವ ಉಪನ್ಯಾಸದಲ್ಲಿಯೂ ಹೇಳಿದ್ದಿಲ್ಲ.

ಸೈಕಲ್ಲು ನಮ್ಮ ಸೀಮೆಗೆ ಹೊಸದಲ್ಲ. 1885ರಲ್ಲಿ ಸ್ಥಾಪನೆಯಾದ ಗೋಕಾಕ ಫಾಲ್ಸಿನ ನೂಲಿನ ಗಿರಣಿಗೆ ಪಾಳಿಯ ಮೇಲೆ ಹೋಗುತ್ತಿದ್ದ ಕಾರ್ಮಿಕರ ಸೈಕಲ್ಲುಗಳ ಸಾಲು ನಮ್ಮ ತಾರುಣ್ಯದ ಚಿತ್ರಗಳಲ್ಲೊಂದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸವಾರರು ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದಾರೆ. ಆದರೆ ಸ್ಪರ್ಧೆಯ ಸೈಕಲ್ಲು ಬೇರೆ, ಯಾತ್ರೆಯ ಸೈಕಲ್ಲು ಬೇರೆ. ಈ ಭೇದ ನಮಗೆ ತಿಳಿದದ್ದು ಹಿಡಕಲ್ ಜಲಾಶಯದವರೆಗೆ ಕೈಗೊಂಡ ಅಭ್ಯಾಸದ ಸವಾರಿಯಲ್ಲಿ. ಗೇರಿನ ಸೈಕಲ್ಲಿದ್ದ ಮೂವರು ತರುಣರು ಗಾಳಿಯಂತೆ ಮುಂದೆ ಹೋಗಿ, ಜಲಾಶಯದ ದಂಡೆಯಲ್ಲಿ ಚಿತ್ರ ತೆಗೆಸಿಕೊಂಡು, ತಿಂಡಿ ತಿಂದು, ಮರದ ಕೆಳಗೆ ಮಲಗಿದ್ದರು. ಕೊನೆಯ ಹುಡುಗ ಬಂದು ಮುಟ್ಟಿದ್ದು ಒಂದೂವರೆ ತಾಸಿನ ಮೇಲೆ. ಅವನ ಒಂದು ಕಾಲು ಹುಟ್ಟಿನಿಂದ ತುಸು ಗಿಡ್ಡ. ಏರಿದ್ದು ಅಕ್ಕನಿಗೆ ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲು. 2006-07ರಲ್ಲಿ ಆರಂಭವಾದ ಆ ಯೋಜನೆಯಿಂದ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲಿನ ಮುಖ ಕಂಡರೆಂಬುದನ್ನು ಮರೆಯಲಾಗದು. ಆದರೆ ಗೇರಿಲ್ಲದ ಆ ಭಾರದ ಸೈಕಲ್ಲಿನಲ್ಲಿ ಏರು ಹತ್ತುವುದು ಎರಡು ಕಾಲು ಸಮವಿದ್ದವನಿಗೂ ಕಷ್ಟವೇ.

ಅಂದು ಸಂಜೆ ತರುಣರು ನಮ್ಮಲ್ಲಿಗೆ ಬಂದು ಆ ಹುಡುಗನನ್ನು ಗಾಡಿಯಲ್ಲಿ ಕೂಡಿಸಬೇಕೆಂದರು. ಅವರ ಮಾತಿನಲ್ಲಿ ಕೇಡಿರಲಿಲ್ಲ, ಲೆಕ್ಕವಿತ್ತು. ದಿನಕ್ಕೆ ಇಂತಿಷ್ಟು ದೂರ ಸಾಗದಿದ್ದರೆ ಕತ್ತಲಾಗುತ್ತದೆ ಎಂಬುದು ನಿಜವೇ. ಹಿಂದೆಯೇ ಆ ಹುಡುಗನೂ ಬಂದ. “ಗುರುಗಳ, ನಾ ಬರೂದಿಲ್ಲ ಬಿಡ್ರಿ. ನನ್ನ ಸಲುವಾಗಿ ಎಲ್ಲಾರೂ ನಿಲ್ಲಬೇಕಾಕ್ಕೈತಿ” ಎಂದು ನೆಲ ನೋಡುತ್ತ ನಿಂತ. ನಾವು ಹೆಚ್ಚು ಮಾತನಾಡಲಿಲ್ಲ. ಪ್ರಸಾದ ನಿಲಯದ ಪಂಕ್ತಿಯ ಮಾತನ್ನಷ್ಟೇ ಹೇಳಿ, ಬರುವ ಭಾನುವಾರ ಇದೇ ದಾರಿಯಲ್ಲಿ ಮತ್ತೊಮ್ಮೆ ಹೋಗೋಣ, ಈ ಸಲ ಇವನೇ ಮುಂದಿರಲಿ, ಯಾರೂ ಇವನನ್ನು ದಾಟಬಾರದು ಎಂದೆವು. ತರುಣರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಭಾನುವಾರ ತಂಡವು ಜಲಾಶಯ ಮುಟ್ಟಿದಾಗ ಹೊತ್ತು ನೋಡಿದರೆ, ಹಿಂದಿನ ವಾರ ಕೊನೆಯವನಿಗೆ ಹಿಡಿದಿದ್ದಕ್ಕಿಂತ ಅರ್ಧ ತಾಸು ಕಡಿಮೆ! ಹಿಂದೊಬ್ಬನೇ ಉಳಿದಾಗ ಎದೆಗುಂದಿ ಮೇಲಿಂದ ಮೇಲೆ ಇಳಿಯುತ್ತಿದ್ದವನು, ಬೆನ್ನ ಹಿಂದೆ ಹನ್ನೊಂದು ಜನರಿದ್ದಾಗ ಒಮ್ಮೆಯೂ ಇಳಿಯಲಿಲ್ಲ. ಸೈಕಲ್ ಅಂಗಡಿಯ ತರುಣ ಅವನ ಒಂದು ಪೆಡಲಿಗೆ ಮರದ ತುಂಡು ಕಟ್ಟಿ ಎತ್ತರಿಸಿ ಕೊಟ್ಟಿದ್ದಾನೆ. ಎಲ್ಲರಿಗಿಂತ ನಿಧಾನವಾದವನೇ ಮುಂದಾಳು ಎಂಬುದು ಈಗ ನಮ್ಮ ಯಾತ್ರೆಯ ಮೊದಲ ನಿಯಮ. ದಿನದ ದೂರವನ್ನು ಅವನ ನಡೆಗೆ ಹೊಂದಿಸಿ ಸರಾಸರಿ ಐವತ್ತು ಕಿಲೋಮೀಟರಿಗೆ ಇಳಿಸಿದ್ದೂ ಅಂದೇ.

ಪಾಲಕರ ಸಭೆ ಇದಕ್ಕಿಂತ ಬಿಗುವಾಗಿತ್ತು. ತಂಡದಲ್ಲಿ ನಾಲ್ವರು ಹುಡುಗಿಯರಿದ್ದಾರೆ. ಹೆಣ್ಣುಮಕ್ಕಳನ್ನು ಸೈಕಲ್ ಮೇಲೆ ಅಷ್ಟು ದೂರ ಕಳುಹಿಸುವುದು ಹೇಗೆಂದು ಗಂಡಸರೊಬ್ಬರು ಕೇಳಿದಾಗ ಸಭೆ ಮೌನವಾಯಿತು. ಆಗ ಮೂಲೆಯಲ್ಲಿ ಕುಳಿತಿದ್ದ ಮುದುಕಿಯೊಬ್ಬರು ಸೆರಗು ಸರಿಪಡಿಸಿಕೊಂಡು, “ಎಲ್ಲವ್ವನ ಗುಡ್ಡಕ್ಕ ನಾವು ಕೂಸು ಬಗಲಾಗ ಕಟಗೊಂಡು ನಡಕೊಂತ ಹೋಗೀವಿ. ಇವು ಸೈಕಲ್ ಮ್ಯಾಲ ಹೋಗಾಕ ಏನಾತೋ ಯಪ್ಪಾ?” ಎಂದರು. ಸಭೆ ನಕ್ಕಿತು, ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ಆದರೂ ಇಬ್ಬರು ತಾಯಂದಿರು ಗಾಡಿಯಲ್ಲಿ ಜೊತೆಗೆ ಬರುವುದೆಂದೂ, ಹುಡುಗಿಯರ ಬಿಡಾರ ಪ್ರತಿ ಊರಿನಲ್ಲಿಯೂ ಪರಿಚಿತರ ಮನೆಯಲ್ಲೋ ಮಠದ ಕಟ್ಟಡದೊಳಗೋ ಇರಬೇಕೆಂದೂ ತೀರ್ಮಾನಿಸಿದೆವು. ಅಂಥ ಸೂಕ್ಷ್ಮಗಳನ್ನು ಧೈರ್ಯದ ಹೆಸರಿನಲ್ಲಿ ಕಡೆಗಣಿಸಬಾರದು.

ನೀರಿನ ಭಯ ಮಾತ್ರ ನಗೆಯಿಂದ ಕರಗುವಂಥದ್ದಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಬಾಲಕಿಯರು ಮುರುಡೇಶ್ವರದ ಕಡಲಲ್ಲಿ ಪ್ರಾಣ ಬಿಟ್ಟದ್ದನ್ನು ಯಾವ ತಾಯಿಯೂ ಮರೆತಿರಲಿಲ್ಲ. ನಮ್ಮ ಮಕ್ಕಳಲ್ಲಿ ಕಾಲುವೆಯಲ್ಲಿ ಈಸು ಕಲಿತವರಿದ್ದಾರೆ. ಆದರೆ ಕಾಲುವೆಯ ಈಸು ಕಡಲಿಗೆ ಸಾಲದು. ಅಲ್ಲಿ ಅಲೆ ಮರಳುವಾಗ ಕಾಲ ಕೆಳಗಿನ ಮರಳನ್ನೇ ಸೆಳೆದೊಯ್ಯುತ್ತದೆ. ಆದುದರಿಂದ ಎರಡನೆಯ ನಿಯಮ ಹುಟ್ಟಿತು: ಯಾರೂ ಕಡಲಿಗೆ ಇಳಿಯತಕ್ಕದ್ದಲ್ಲ, ಪಾದ ತೋಯಿಸುವುದಿದ್ದರೂ ಹಗಲಿನಲ್ಲಿ, ಊರಿನ ಮೀನುಗಾರರು ತೋರಿದ ಜಾಗದಲ್ಲಿ, ಕೈ ಕೈ ಹಿಡಿದು. “ಸಮುದ್ರಕ್ಕ ಹೋಗಿ ಜಳಕ ಮಾಡದ ಬರಬೇಕೇನ್ರಿ?” ಎಂದು ಹುಡುಗರು ಗೊಣಗಿದರು. ಜಳಕ ಬಿಡಾರದ ಬಾವಿಯಲ್ಲಿ ಆಗುತ್ತದೆ ಎಂದೆವು. ಹನ್ನೆರಡು ಮಕ್ಕಳು ಹೋಗಿ ಹನ್ನೆರಡು ಮಕ್ಕಳು ಮರಳುವುದು ಈ ಯಾತ್ರೆಯ ಮೊದಲ ಫಲ. ಆಮೆಯ ದರ್ಶನ ಎರಡನೆಯದು.

ಮೂರನೆಯ ನಿಯಮ ಬೆಳಕಿನದು. ಅದರ ಬಗ್ಗೆಯೇ ಹೆಚ್ಚು ವಾದ ನಡೆಯಿತು. ಇಂದಿನ ಮಕ್ಕಳಿಗೆ ಮೊಬೈಲಿನಲ್ಲಿ ಹಿಡಿಯದ ದೃಶ್ಯವು ಕಂಡದ್ದೇ ಅಲ್ಲ. ಆದರೆ ಕಡಲಿನಿಂದ ಮೇಲೇರುವ ತಾಯಿ ಆಮೆ ಬೆಳಕನ್ನೋ ಜನರ ಓಡಾಟವನ್ನೋ ಕಂಡರೆ ಮೊಟ್ಟೆಯಿಡದೆ ಹಿಂದಿರುಗಿಬಿಡುತ್ತದೆ. ಮರಿಗಳ ಪಾಡು ಇನ್ನೂ ಕಷ್ಟ. ನೀರಿನ ಮೇಲಿನ ಮಂದ ಬೆಳಕೇ ಅವುಗಳ ದಾರಿದೀಪವಾದ್ದರಿಂದ, ದಂಡೆಯ ಮೇಲೆ ಒಂದು ಬ್ಯಾಟರಿ ಹೊತ್ತಿದರೂ ಅವು ದಿಕ್ಕು ತಪ್ಪಿ ನೆಲದ ಕಡೆಗೆ ತೆವಳುತ್ತವೆ. ಬೆಳಗಾಗುವಷ್ಟರಲ್ಲಿ ಬಿಸಿಲಿಗೂ ಕಾಗೆಗಳಿಗೂ ಬಲಿಯಾಗುತ್ತವೆ. ನಾವು ಹಿಡಿದ ಚಿತ್ರವು ಅವುಗಳ ಪ್ರಾಣದ ಬೆಲೆಗೆ ಬಂದದ್ದಾಗಬಾರದು. ಮೊಬೈಲುಗಳೆಲ್ಲವೂ ಸಂಜೆಯಾದ ಮೇಲೆ ಜೊತೆಗೆ ಬರುವ ತಾಯಂದಿರ ಚೀಲ ಸೇರುವುದೆಂದು ಕಡೆಗೆ ಎಲ್ಲರೂ ಒಪ್ಪಿದರು. ಕಂಡದ್ದನ್ನು ಮರುದಿನ ಪ್ರತಿಯೊಬ್ಬರೂ ಒಂದು ಪುಟ ಬರೆಯಬೇಕು. ಬರೆದದ್ದು ಚಿತ್ರಕ್ಕಿಂತ ಬಹುಕಾಲ ಉಳಿಯುತ್ತದೆಂಬ ನಮ್ಮ ಹಳೆಯ ನಂಬಿಕೆಯನ್ನು ಅವರು ನಗುತ್ತಲೇ ಸಹಿಸಿಕೊಂಡರು.

ಜನಸಂಖ್ಯೆಯೂ ಇದೇ ಕಾರಣದಿಂದ ಇಳಿಯಿತು. ಮೊದಲು ಹೆಸರು ಕೊಟ್ಟವರು ಮೂವತ್ತೊಂದು ಮಂದಿ. ಅಷ್ಟು ಜನ ಇರುಳಿನಲ್ಲಿ ದಂಡೆಯ ಮೇಲೆ ನಡೆದರೆ ಅದು ದರ್ಶನವಾಗದೆ ದಾಳಿಯಾಗುತ್ತದೆ. ಚೀಟಿ ಎತ್ತಿ ಹನ್ನೆರಡು ಮಂದಿಯನ್ನು ಆರಿಸಿದೆವು. ಉಳಿದವರಿಗೆ ಮುಂದಿನ ವರ್ಷಗಳ ಸರದಿ. ಡೇರೆಗಳನ್ನು ಮರಳದಂಡೆಯ ಮೇಲೆ ಹಾಕುವ ಆಸೆಯನ್ನೂ ಬಿಟ್ಟೆವು. ಮರಳಿನ ಕೆಳಗೆ ಎಲ್ಲಿ ಗೂಡಿದೆಯೋ ಬಲ್ಲವರಾರು? ಊರೊಳಗಿನ ಅಂಗಳವೇ ನಮ್ಮ ಬಿಡಾರ. ಅರಣ್ಯ ಇಲಾಖೆಯ ಅನುಮತಿ ಕೈಗೆ ಬರದೆ, ಅವರ ಸಿಬ್ಬಂದಿ ಜೊತೆಗಿಲ್ಲದೆ ರಾತ್ರಿ ಒಂದು ಹೆಜ್ಜೆಯನ್ನೂ ದಂಡೆಯ ಮೇಲಿಡುವುದಿಲ್ಲ.

ಹೊನ್ನಾವರದಲ್ಲಿ ಶರಾವತಿ ಕಡಲನ್ನು ಸೇರುತ್ತಾಳೆ. ಆ ಅಳಿವೆಯ ದಕ್ಷಿಣಕ್ಕೆ ಕಾಸರಕೋಡು. 2020ರಲ್ಲಿ ಅಲ್ಲಿನ ಕಡಲತೀರಕ್ಕೆ ಸ್ವಚ್ಛತೆಯ ನೀಲಿ ಧ್ವಜದ ಮಾನ್ಯತೆ ದೊರೆಯಿತು. ಅದೇ ಕಾಸರಕೋಡಿನ ಟೊಂಕ ಎಂಬ ಮೀನುಗಾರರ ಕೇರಿಯ ದಂಡೆಯಲ್ಲಿ ಆಮೆಗಳು ಗೂಡು ಮಾಡುತ್ತವೆ. ಬೆಳಗಿನ ಜಾವ ದೋಣಿಯ ಕಡೆಗೆ ಹೋಗುವ ಮೀನುಗಾರರು ಮರಳಿನ ಮೇಲೆ ಮೂಡಿದ ಆಮೆಯ ಹೆಜ್ಜೆಸಾಲನ್ನು ಗುರುತಿಸಿ ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ಗೂಡಿನ ಸುತ್ತ ಬಲೆಯ ಬೇಲಿ ಕಟ್ಟಿ ನಾಯಿ ನರ��ಗಳಿಂದ ಕಾಯುತ್ತಾರೆ, ಮರಿ ಹೊರಟಾಗ ನೀರಿಗೆ ಬಿಡುತ್ತಾರೆ. ಆ ತೀರದಲ್ಲಿ ಉದ್ದೇಶಿಸಲಾದ ಖಾಸಗಿ ಬಂದರಿನ ವಿರುದ್ಧ ಅದೇ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ತಮ್ಮ ಬದುಕಿನ ಜೊತೆಗೆ ಆಮೆಯ ಗೂಡುಗಳ ಮಾತನ್ನೂ ಎತ್ತಿದ್ದಾರೆ. ಆಮೆಯನ್ನು ನೋಡಿ, ಆಮೆ ಕಾಯುವವರನ್ನು ನೋಡದೆ ಬಂದರೆ ಯಾತ್ರೆ ಅರ್ಧವಾದಂತೆ. ಆದುದರಿಂದ ಎರಡನೆಯ ದಿನದ ಹಗಲನ್ನು ಆ ಕೇರಿಯ ಹಿರಿಯರ ಮಾತು ಕೇಳುವುದಕ್ಕೆಂದೇ ಮೀಸಲಿಟ್ಟಿದ್ದೇವೆ. ನಮ್ಮ ಕಡೆಯಿಂದ ಅವರಿಗೆ ಒಯ್ಯುವುದು ಕರದಂಟು ಮತ್ತು ಒಂದು ಚೀಲ ಜೋಳ.

ಸಭೆಯ ಕೊನೆಗೆ ಒಬ್ಬ ತಾಯಿ ಕೇಳಿದ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. “ಇಷ್ಟೆಲ್ಲಾ ಮಾಡಿ ಹೋಗತಾವು ಹುಡುಗ್ರು. ಆಮಿ ಬರಲೇ ಇಲ್ಲಂದ್ರ?” ಅದು ನಡೆಯಬಹುದಾದ ಸಂಗತಿಯೇ. ಎರಡು ರಾತ್ರಿಗಳಲ್ಲಿ ಆಮೆ ಬಂದೇ ತೀರುತ್ತದೆಂದು ಭರವಸೆ ಕೊಡುವವರು ಯಾರೂ ಇಲ್ಲ. ನಾವು ಉತ್ತರಕ್ಕೆ ತಡವರಿಸುತ್ತಿರುವಾಗ, ಮೊದಲು ಪ್ರಶ್ನೆ ಕೇಳಿದ್ದ ಆ ಒಂಬತ್ತನೆಯ ತರಗತಿಯ ಬಾಲಕಿ ಎದ್ದು ನಿಂತಳು. ಧೂಪದಾಳದ ನೀರಿಗೆ ಹೊರಗಿನವರು ಗಾಡಿ ಕಟ್ಟಿಕೊಂಡು ಬಂದು, ಹಕ್ಕಿ ದೂರವಿದ್ದುವೆಂದು ಕಲ್ಲು ಬೀರಿ ಎಬ್ಬಿಸಿದ್ದನ್ನು ತಾನು ಕಂಡುದಾಗಿ ಹೇಳಿದಳು. “ಅವತ್ತ ನಮಗ ಭಾಳ ಸಿಟ್ಟ ಬಂದಿತ್ತು. ನಮ್ಮ ಮನಿಗೆ ಬಂದ ಬೀಗರನ್ನ ಎಬ್ಬಿಸಿದಂಗ ಆಗಿತ್ತು. ಆಮಿ ಬರಲಿಲ್ಲಂದ್ರ ನಾವು ಸುಮ್ನ ಕುಂತು ಬರತೀವಿ, ಕಲ್ಲು ಬೀರೂದಿಲ್ಲ” ಎಂದಳು.

ನಾವು ಇಷ್ಟು ವರ್ಷ ಅತಿಥಿ ಸತ್ಕಾರದ ಬಗ್ಗೆ ಓದಿದ್ದೇವೆ, ಬರೆದಿದ್ದೇವೆ, ಹೇಳಿದ್ದೇವೆ. ಅತಿಥಿಯನ್ನು ಹೇಗೆ ಬರಮಾಡಿಕೊಳ್ಳಬೇಕೆಂಬ ಮಾತು ನಮ್ಮಲ್ಲಿ ಧಾರಾಳವಾಗಿದೆ. ಅತಿಥಿಯಾಗಿ ಹೋದಾಗ ಹೇಗಿರಬೇಕೆಂಬ ಮಾತು ಅಷ್ಟಿಲ್ಲ. ಚಳಿಗಾಲದ ಹಕ್ಕಿಗಳಿಗೆ ಆತಿಥೇಯರಾಗಿ ಬೆಳೆದ ಊರಿನ ಮಕ್ಕಳಿಗೆ ಅದು ತಾನಾಗಿಯೇ ತಿಳಿದಿತ್ತು. ಮನೆಯವರ ಹೊತ್ತಿಗೆ ಹೋಗಬೇಕು, ಅವರು ತೋರಿಸಿದಷ್ಟನ್ನೇ ನೋಡಬೇಕು, ಬಾಗಿಲು ತೆರೆಯದಿದ್ದರೆ ಸಿಟ್ಟಾಗದೆ ಮರಳಬೇಕು. ಕಡಲಾಮೆ ತನ್ನ ತವರಿಗೆ ಬರುತ್ತದೆ. ನಾವು ಆ ತವರಿನ ಅಂಗಳದಲ್ಲಿ ಎರಡು ರಾತ್ರಿ ಕಾಯುವವರು ಮಾತ್ರ. ಅದು ಬಂದರೆ ಭಾಗ್ಯ. ಬಾರದಿದ್ದರೂ, ತನ್ನ ಇಚ್ಛೆಗೆ ಲೋಕ ಕುಣಿಯಲಿ ಎನ್ನುವ ಕಾಲದಲ್ಲಿ ಹನ್ನೆರಡು ಮಕ್ಕಳು ಬೇರೊಂದು ಜೀವದ ಇಚ್ಛೆಗಾಗಿ ಕತ್ತಲಲ್ಲಿ ಮೌನವಾಗಿ ಕಾದರೆಂಬುದೇ ದೊಡ್ಡ ಸಂಪಾದನೆ.

ಮರಳುವಾಗ ಸೈಕಲ್ಲುಗಳು ಗಾಡಿಯಲ್ಲಿ, ಮಕ್ಕಳು ಬಸ್ಸಿನಲ್ಲಿ, ಹುಬ್ಬಳ್ಳಿ ಬೆಳಗಾವಿಯ ಮಾರ್ಗವಾಗಿ ಬರುವುದೆಂದು ಗೊತ್ತಾಗಿದೆ. ನಮ್ಮ ಪಾಲಿಗೆ ಬಂದದ್ದು ಪಾತ್ರೆಗಳ ಗಾಡಿಯ ಮುಂದಿನ ಆಸನ. ಯರಗಟ್ಟಿಯವರೆಗಾದರೂ ಪೆಡಲು ತುಳಿಯುವ ಉತ್ಸಾಹ ನಮಗಿದ್ದರೂ ಮೊಣಕಾಲುಗಳು ಅನುಮತಿ ಪತ್ರಕ್ಕೆ ಸಹಿ ಹಾಕಲಿಲ್ಲ. ಅರಣ್ಯ ಇಲಾಖೆಗೆ ಅರ್ಜಿ ಹೋಗಿದೆ, ರೊಟ್ಟಿ ಬಡಿಯುವ ದಿನಗಳ ಹಂಚಿಕೆಯಾಗಿದೆ, ಗಿಡ್ಡ ಕಾಲಿನ ಹುಡುಗ ದಿನವೂ ಬೆಳಗ್ಗೆ ಗೋಕಾಕದವರೆಗೆ ಹೋಗಿ ಬರುತ್ತಿದ್ದಾನೆ. ಅವನ ಹಿಂದೆ ಕನಿಷ್ಠ ಇಬ್ಬರಾದರೂ ಇರುತ್ತಾರೆ.

ಈ ಪತ್ರಿಕೆಯನ್ನು ಓದುವ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಎಲ್ಲರೂ ಕಡಲಿಗೆ ಹೋಗಬೇಕೆಂದಿಲ್ಲ. ತಮ್ಮ ಊರಿನ ಸುತ್ತಲೂ ಋತುವಿಗೊಮ್ಮೆ ಬಂದು ಹೋಗುವ ಒಂದಾದರೂ ಜೀವವಿರುತ್ತದೆ. ಕೆರೆಗೆ ಬರುವ ಹಕ್ಕಿ ಇರಬಹುದು, ಮೊದಲ ಮಳೆಗೆ ಕೂಗುವ ಕಪ್ಪೆ ಇರಬಹುದು. ಮಕ್ಕಳಿಗೆ ಅದರ ಹೊತ್ತನ್ನು ತಿಳಿಸಿಕೊಡಿ, ನಾಲ್ಕು ಮಕ್ಕಳನ್ನು ಕೂಡಿಸಿ ನಡೆಸಿಕೊಂಡು ಹೋಗಿ, ನಿಧಾನ ನಡೆಯುವವನನ್ನು ಮುಂದಿರಿಸಿ, ಅಲ್ಲಿ ಹೋಗಿ ಸುಮ್ಮನೆ ಕುಳಿತುಕೊಳ್ಳಿರಿ. ಕೂಡಿ ನಡೆಯುವುದೂ ಕಾದು ಕೂರುವುದೂ ಬಲ್ಲ ಮಕ್ಕಳು ನಮ್ಮ ಮನೆಗಳಲ್ಲಿ ಬೆಳೆಯಲಿ.